ಕಾಫಿ ಲೋಟವೂ ಪಂಕ್ತಿಭೇದವೂ

ಭಾನುವಾರದ ಮೊದಲ ಬಲಿಪೂಜೆ ಮುಗಿದ ಮೇಲೆ ಚನ್ನಪಟ್ಟಣದಲ್ಲಿ ಇನ್ನೊಂದು ಸಭೆ ಸೇರುವುದುಂಟು. ಆ ಸಭೆಗೆ ಗಂಟೆ ಬಾರಿಸುವವರಿಲ್ಲ, ಕಾಣಿಕೆ ಎತ್ತುವವರೂ ಇಲ್ಲ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಬದಿಯ ಹೋಟೆಲುಗಳಲ್ಲಿ ನಾಲ್ಕಾರು ಮಂದಿ ನಿಂತೋ ಕುಳಿತೋ ಕಾಫಿ ಕುಡಿಯುತ್ತಿರುತ್ತಾರೆ. ಉಗುರಿನ ಸಂದಿನಲ್ಲಿ ಅರಗಿನ ಬಣ್ಣ ಉಳಿದಿರುವ ಬೊಂಬೆ ಕೆಲಸಗಾರ, ರಾಮನಗರದ ಗೂಡಿನ ಮಾರುಕಟ್ಟೆಯ ಧಾರಣೆಯನ್ನು ಕುರಿತು ಚಿಂತಿಸುವ ರೇಷ್ಮೆ ಬೆಳೆಗಾರ, ನಿವೃತ್ತ ಶಾಲಾ ಮಾಸ್ತರರು, ಪ್ರಾರ್ಥನೆಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡ ನಮ್ಮವರು, ಹಾರೋಬೆಲೆಯ ಕಡೆಯಿಂದ ಬಂದ ನೆಂಟರು – ಎಲ್ಲರೂ ಅಲ್ಲಿ ಸಿಗುತ್ತಾರೆ. ಒಬ್ಬರು "ಎರಡು ಬೈಟು" ಎನ್ನುತ್ತಾರೆ. ಎರಡು ಲೋಟದ ಕಾಫಿ ನಾಲ್ಕು ಲೋಟಗಳಲ್ಲಿ ಬರುತ್ತದೆ. ಯಾರು ದುಡ್ಡು ಕೊಡಬೇಕೆಂಬ ಪ್ರೀತಿಯ ಜಗಳವೊಂದು ನಡೆದು ಸಭೆ ಮುಕ್ತಾಯವಾಗುತ್ತದೆ.

ಈಚೆಗೆ ಈ ಸಭೆ ತೆಳುವಾಗುತ್ತಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವುಗಳನ್ನೆಲ್ಲ ಬದಿಗೆ ಬಿಟ್ಟು ಆ ರಸ್ತೆ ನೇರವಾಗಿ ಓಡುತ್ತದೆ. ನನಗೆ ಪರಿಚಿತರಾದ ಹೋಟೆಲಿನವರೊಬ್ಬರು ಮೊನ್ನೆ ಹೇಳಿದರು: "ಹೊಸ ರಸ್ತೆ ಆದ್ಮೇಲೆ ಕಾರುಗಳೆಲ್ಲ ಆಚೆಯಿಂದಲೇ ಹೋಗ್ಬಿಡ್ತವೆ ಫಾದರ್. ಊರಿನವರು ಬರ್ತಾರೆ, ಆದರೆ ಅಷ್ಟರಲ್ಲಿ ಬಾಡಿಗೆ ಹುಟ್ಟೋದಿಲ್ಲ." ಪ್ರಯಾಣದ ಸಮಯ ಉಳಿಯಿತೆಂದು ನಾವು ಸಂತೋಷಪಟ್ಟೆವು. ಆದರೆ ಒಂದು ಕಾಫಿ ಹೋಟೆಲು ಮುಚ್ಚಿದಾಗ ಮುಚ್ಚಿಹೋಗುವುದು ಒಂದು ವ್ಯಾಪಾರ ಮಾತ್ರವೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಮ್ಮ ಕೈಯ ಲೋಟದ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು.

ಜಾಗರಣೆಯ ಪಾನೀಯ

ಕಾಫಿ ಗಿಡದ ತೌರು ಇಥಿಯೋಪಿಯಾ. ಆದರೆ ಅದನ್ನು ಮನುಷ್ಯನ ದೈನಂದಿನ ಪಾನೀಯವನ್ನಾಗಿ ಮಾಡಿದವರು ಕೆಂಪು ಸಮುದ್ರದ ಆಚೆಯ ಯೆಮನ್ ದೇಶದ ಸೂಫಿ ಸಾಧಕರು. 15ನೆಯ ಶತಮಾನದಲ್ಲಿ ಅವರು ರಾತ್ರಿಯ ಜಪಕ್ಕೆ ಕುಳಿತಾಗ ನಿದ್ರೆ ಬಾರದಿರಲೆಂದು ಈ ಕಷಾಯವನ್ನು ಕುಡಿಯುತ್ತಿದ್ದರು. ಎಂದರೆ ಕಾಫಿಯ ಮೊದಲ ಉದ್ಯೋಗ ಪ್ರಾರ್ಥನೆಗೆ ಕಾವಲಿರುವುದು. ನಮ್ಮ ಗುರುಮಠದಲ್ಲಿ ಬೆಳಗಿನ ಧ್ಯಾನದ ಹೊತ್ತಿಗೆ ತೂಕಡಿಸುತ್ತಿದ್ದ ನಮಗೆ ಈ ಸಂಗತಿ ಆಗಲೇ ತಿಳಿದಿದ್ದರೆ, ಅಡುಗೆ ಮನೆಯವರಲ್ಲಿ ಇನ್ನೂ ಧೈರ್ಯವಾಗಿ ಬೇಡಬಹುದಾಗಿತ್ತು!

ಹೊಸದನ್ನು ಕಂಡು ಧರ್ಮಾಧಿಕಾರಿಗಳು ಬೆದರುವುದು ಎಲ್ಲ ಕಾಲಕ್ಕೂ ಇದ್ದದ್ದೇ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಎಂಬಾತ ಕಾಫಿಯನ್ನು ನಿಷೇಧಿಸಿದ. ಕೈರೋದಲ್ಲಿದ್ದ ಸುಲ್ತಾನ ಆ ಆಜ್ಞೆಯನ್ನು ಎತ್ತಿಹಾಕಿದ. ನಮ್ಮಲ್ಲಿಯೂ ಇಂಥದೇ ಒಂದು ಕಥೆಯಿದೆ. 1592ರಿಂದ 1605ರವರೆಗೆ ಜಗದ್ಗುರುಗಳಾಗಿದ್ದ ಎಂಟನೆಯ ಕ್ಲೆಮೆಂಟರ ಬಳಿಗೆ ಕೆಲವರು ಹೋಗಿ, ಇದು ಅನ್ಯಮತದವರ ಪಾನೀಯ, ಸೈತಾನನ ಕೂಟ, ಇದನ್ನು ಬಹಿಷ್ಕರಿಸಬೇಕೆಂದು ದೂರಿದರಂತೆ. ಅವರು ಒಂದು ಬಟ್ಟಲು ತರಿಸಿ ರುಚಿ ನೋಡಿ, ಇಷ್ಟು ಒಳ್ಳೆಯದನ್ನು ಸೈತಾನನಿಗೇ ಬಿಟ್ಟುಕೊಡುವುದು ತರವಲ್ಲವೆಂದು ಹರಸಿದರಂತೆ. ಇದಕ್ಕೆ ಆ ಕಾಲದ ದಾಖಲೆಯಿಲ್ಲ. ದಂತಕಥೆಯೆಂದೇ ಇಟ್ಟುಕೊಳ್ಳೋಣ. ಆದರೂ ಈ ಕಥೆ ಬಾಯಿಂದ ಬಾಯಿಗೆ ಉಳಿದುಬಂದಿರುವುದರಲ್ಲಿ ಒಂದು ಅರ್ಥವಿದೆ. ವಸ್ತುವಿನಲ್ಲಿ ಮೈಲಿಗೆಯಿಲ್ಲ, ಮೈಲಿಗೆ ಹುಟ್ಟುವುದು ಮನುಷ್ಯನ ಹೃದಯದಲ್ಲಿ ಎಂಬ ಪ್ರಭುವಿನ ಬೋಧೆಯನ್ನು ಅದು ಸರಳವಾಗಿ ಹೇಳುತ್ತದೆ. ಇನ್ನು ಇಂದಿನ ಯುವಕರು ಇಷ್ಟಪಡುವ ಕಪುಚಿನೋ ಕಾಫಿಗೆ ಆ ಹೆಸರು ಬಂದದ್ದು ಕಪುಚಿನ್ ಸಭೆಯ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ. ಇದು ದಂತಕಥೆಯಲ್ಲ.

ನಮ್ಮ ನಾಡಿಗೆ ಕಾಫಿಯನ್ನು ತಂದವರೂ ಒಬ್ಬ ಸಾಧಕರೇ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಹಜ್ ಯಾತ್ರೆಯಿಂದ ಮರಳುವಾಗ ಯೆಮನ್ನಿನ ಮೋಕಾ ರೇವಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪರಂಪರೆಯ ಮಾತು. ಆ ಗಿರಿಗೆ ಅವರದೇ ಹೆಸರು ನಿಂತಿದೆ. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಪೂಜೆಗೆ ಹೊರಡುವ ಮುನ್ನವೋ ಮರಳಿದ ಮೇಲೋ ನಾವು ಕುಡಿಯುವ ಕಾಫಿ ಒಬ್ಬ ಮುಸ್ಲಿಂ ಫಕೀರರ ಜೋಳಿಗೆಯಿಂದ ಬಂದದ್ದೆಂಬುದನ್ನು ನೆನೆಯುವುದು ಈ ದಿನಗಳಲ್ಲಿ ಒಳ್ಳೆಯ ಅಭ್ಯಾಸ.

ಮಾತಿಗೊಂದು ಮನೆ

ಕಾಫಿಗಿಂತಲೂ ದೊಡ್ಡ ಬದಲಾವಣೆಯನ್ನು ತಂದದ್ದು ಕಾಫಿಯ ಮನೆ. 16ನೆಯ ಶತಮಾನದ ನಡುವಿನಲ್ಲಿ ಇಸ್ತಾಂಬುಲ್ ನಗರದಲ್ಲಿ ಕಾಫಿ ಮನೆಗಳು ತೆರೆದವು. ಒಂದು ಶತಮಾನದ ತರುವಾಯ, 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತ ಲಂಡನ್ನಿನಲ್ಲಿ ಅಂಗಡಿ ಇಟ್ಟ. 1686ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರೊಕೋಪ್ ಆರಂಭವಾಯಿತು. ಅಲ್ಲಿಯವರೆಗೆ ಜನ ಕೂಡುತ್ತಿದ್ದುದು ದೇವಾಲಯದಲ್ಲಿ, ಅರಮನೆಯಲ್ಲಿ, ಸಂತೆಯಲ್ಲಿ, ಇಲ್ಲವೆ ಹೆಂಡದಂಗಡಿಯಲ್ಲಿ. ಎಚ್ಚರದ ತಲೆಯಿಂದ, ಪರಸ್ಪರ ಪರಿಚಯವಿಲ್ಲದವರು ಸಮಾನವಾಗಿ ಕುಳಿತು ಲೋಕದ ವಿಚಾರ ಆಡುವುದಕ್ಕೆ ಒಂದು ತಾಣ ಸಿಕ್ಕಿದ್ದು ಇಲ್ಲಿಯೇ. ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟರೆ ಕಾಫಿಯೊಡನೆ ಪತ್ರಿಕೆಯೂ ಪಂಡಿತರ ಮಾತೂ ದೊರೆಯುತ್ತಿತ್ತು. ಹಾಗಾಗಿ ಜನ ಅವುಗಳನ್ನು ಪೆನ್ನಿಯ ವಿಶ್ವವಿದ್ಯಾನಿಲಯಗಳೆಂದು ಕರೆದರು. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಮನೆಯಲ್ಲಿ ಹಡಗಿನ ವರ್ತಕರು ಆಡಿಕೊಂಡ ಮಾತಿನಿಂದಲೇ ಲಾಯ್ಡ್ಸ್ ಎಂಬ ವಿಮಾ ಸಂಸ್ಥೆ ಬೆಳೆಯಿತು. ಇಷ್ಟೊಂದು ಮಾತು ರಾಜನಿಗೆ ಹಿಡಿಸಲಿಲ್ಲ. 1675ರ ಡಿಸೆಂಬರಿನಲ್ಲಿ ಎರಡನೆಯ ಚಾರ್ಲ್ಸ್ ದೊರೆ ಕಾಫಿ ಮನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿ, ಜನರ ಕೂಗಿಗೆ ಮಣಿದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ.

ಜರ್ಮನಿಯ ದಾರ್ಶನಿಕ ಯೂರ್ಗನ್ ಹಾಬರ್ಮಾಸ್ 1962ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಕಾಫಿ ಮನೆಗಳನ್ನು ಆಧುನಿಕ ಸಾರ್ವಜನಿಕ ಜೀವನದ ತೊಟ್ಟಿಲುಗಳಲ್ಲಿ ಒಂದೆಂದು ಎತ್ತಿಹಿಡಿದರು. ಅಲ್ಲಿ ತೂಕ ಬರುತ್ತಿದ್ದುದು ಆಡುವವನ ಅಂತಸ್ತಿಗಲ್ಲ, ಆಡಿದ ಮಾತಿನ ಯುಕ್ತಿಗೆ ಎಂಬುದು ಅವರ ವಾದದ ತಿರುಳು. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದನ್ನು ಓದಿದಾಗ ನಾನು ತಲೆದೂಗಿದ್ದೆ. ವಯಸ್ಸಾದಂತೆ ಎರಡು ಸಂದೇಹಗಳು ಹುಟ್ಟಿವೆ. ಲಂಡನ್ನಿನ ಆ ಸಮಾನತೆಯ ಮೇಜುಗಳಲ್ಲಿ ಕುಳಿತು ಚರ್ಚಿಸುವ ಅವಕಾಶ ಸ್ತ್ರೀಯರಿಗೆ ಇರಲಿಲ್ಲ. ಅಲ್ಲದೆ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನ ಕಾಫಿಯ ಸುಮಾರು ಅರ್ಧದಷ್ಟು ಬರುತ್ತಿದ್ದುದು ಇಂದಿನ ಹೈಟಿ, ಅಂದಿನ ಫ್ರೆಂಚ್ ವಸಾಹತು ಸಾಂ ದೊಮಿಂಗ್‌ನಿಂದ. ಅದನ್ನು ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಪ್ಯಾರಿಸ್ಸಿನಲ್ಲಿ ಸ್ವಾತಂತ್ರ್ಯವನ್ನು ಕುರಿತು ಆಡಿದ ಮಾತುಗಳಿಗೆ ಕಾವು ಕೊಟ್ಟ ಬಟ್ಟಲಿನಲ್ಲಿ ಬೆರೆತಿದ್ದುದು ಸಂಕೋಲೆಯಲ್ಲಿದ್ದವರ ಬೆವರು. ಮೇಜಿನ ಸುತ್ತ ಕುಳಿತವರನ್ನು ನೋಡಿ ಸಮಾನತೆಯನ್ನು ಅಳೆದರೆ ಸಾಲದು, ಮೇಜಿನ ಬಳಿಗೆ ಬರಲಾಗದವರನ್ನೂ ಎಣಿಸಬೇಕು.

ಘಟ್ಟ ಹತ್ತಿದವರು

ನಮ್ಮ ಮಲೆನಾಡಿನಲ್ಲಿ 19ನೆಯ ಶತಮಾನದಲ್ಲಿ ಆಂಗ್ಲ ತೋಟಗಾರರು ಕಾಡು ಕಡಿಸಿ ದೊಡ್ಡ ತೋಟಗಳನ್ನು ಎಬ್ಬಿಸಿದರು. ಅವರಿಗೆ ಆಳುಗಳು ಬೇಕಾದರು. ದಕ್ಷಿಣ ಕನ್ನಡದಿಂದ, ತಮಿಳು ನಾಡಿನಿಂದ, ನಮ್ಮ ಬಯಲುಸೀಮೆಯಿಂದಲೂ ಬಡವರು ಮುಂಗಡದ ಹಣ ಪಡೆದು ಘಟ್ಟ ಹತ್ತಿದರು. ಚಳಿ, ಜಿಗಣೆ, ಮಲೆಜ್ವರಗಳ ನಡುವೆ ಹಣ್ಣು ಬಿಡಿಸಿದರು. ಕೂಲಿಯಾಳುಗಳ ಸಾಲುಮನೆಗಳಲ್ಲಿ ಕುದಿಯುತ್ತಿದ್ದುದು ಹಾಲಿಲ್ಲದ ಬೆಲ್ಲದ ಕಾಫಿ.

ಘಟ್ಟ ಹತ್ತಿದವರಲ್ಲಿ ನಮ್ಮವರೂ ಬಹಳ ಮಂದಿಯಿದ್ದರು. ಕೊಡಗಿನ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಇತಿಹಾಸ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ಅಲ್ಲಿ ಆಶ್ರಯವಿತ್ತರು. ತರುವಾಯ ಕಾಫಿ ಬೆಳೆದಂತೆ ಕರಾವಳಿಯ ಕೊಂಕಣಿ ಕ್ರೈಸ್ತರು ತೋಟಗಳ ರೈಟರುಗಳಾಗಿ, ಮೇಸ್ತ್ರಿಗಳಾಗಿ, ಕೂಲಿಗಳಾಗಿ, ಕೆಲವರು ಕಾಲಕ್ರಮದಲ್ಲಿ ಮಾಲೀಕರಾಗಿ ನೆಲೆನಿಂತರು. ಅಲ್ಲಲ್ಲಿ ಧರ್ಮಕೇಂದ್ರಗಳು ಹುಟ್ಟಿದವು. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾಯಿತು. 1951ರ ತೋಟ ಕಾರ್ಮಿಕರ ಕಾಯಿದೆ ಬರುವವರೆಗೆ ಕೂಲಿಯಾಳಿನ ಮನೆಗೆ, ಔಷಧಿಗೆ, ಕೂಸುಗಳ ಆರೈಕೆಗೆ ಕಾನೂನಿನ ಭರವಸೆಯೆಂಬುದು ಇರಲಿಲ್ಲವೆಂದೇ ಹೇಳಬೇಕು. ಆ ಕಾಯಿದೆಗೆ ಅರವತ್ತು ವರ್ಷ ಮುಂಚೆಯೇ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ನ್ಯಾಯವನ್ನು ಕುರಿತು ವಿಶ್ವಪತ್ರ ಬರೆದಿದ್ದರು. ಅದನ್ನು ಓದಿದ ಎಷ್ಟು ಮಂದಿ ಕ್ರೈಸ್ತ ಮಾಲೀಕರು ತಮ್ಮ ಸಾಲುಮನೆಗಳ ಕಡೆಗೆ ತಿರುಗಿ ನೋಡಿದರೋ, ಅವರವರ ಅಂತಃಸಾಕ್ಷಿಗೆ ಗೊತ್ತು.

ಕಾಫಿ ಕ್ಲಬ್ಬಿನ ಬಾಗಿಲು

ಹಳೆಯ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಬೆಳಗಿನ ಪಾನೀಯವೆಂದರೆ ಅಂಬಲಿ ಅಥವಾ ಮಜ್ಜಿಗೆ. ಕಾಫಿಯನ್ನು ಹಿರಿಯರು ಚಟವೆಂದು ಬೈಯುತ್ತಿದ್ದರು. ಆದರೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಪೇಟೆ ಪೇಟೆಗೂ ಕಾಫಿ ಕ್ಲಬ್ಬುಗಳು ಬಂದವು. ಉಡುಪಿಯ ಕಡೆಯವರು ಊರೂರಿಗೂ ಹೋಟೆಲು ಕಟ್ಟಿದರು. 1924ರಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಂ, 1943ರಲ್ಲಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಆರಂಭವಾದವು. ನಮ್ಮ ನೆರೆಯ ಮದ್ದೂರಿನ ರೈಲು ನಿಲ್ದಾಣದಲ್ಲಿ 1917ರಲ್ಲಿ ಹುಟ್ಟಿತೆನ್ನುವ ವಡೆ ಕಾಫಿಗೆ ಜೊತೆಯಾಯಿತು.

ಈ ಕ್ಲಬ್ಬುಗಳ ಬಾಗಿಲು ಎಲ್ಲರಿಗೂ ಒಂದೇ ಬಗೆಯಲ್ಲಿ ತೆರೆದಿರಲಿಲ್ಲ. ಕೆಲವೆಡೆ ಬ್ರಾಹ್ಮಣರಿಗೆ ಒಳಗೊಂದು ಪಂಕ್ತಿ, ಉಳಿದವರಿಗೆ ಹೊರಗೊಂದು ಪಂಕ್ತಿ. ದಲಿತರಿಗೆ ಪಂಕ್ತಿಯೇ ಇಲ್ಲ. ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲೋ ಬೇರೆ ಇಟ್ಟ ಲೋಟದಲ್ಲೋ ಎತ್ತರದಿಂದ ಹೊಯ್ದದ್ದನ್ನು ಕುಡಿಯಬೇಕಿತ್ತು. ರೈಲು ನಿಲ್ದಾಣಗಳಲ್ಲಿ ನೀರಿಗೂ ಜಾತಿಯಿತ್ತು, ಮತವಿತ್ತು. ದಾಸೋಹದ ಆದರ್ಶವನ್ನು ಲೋಕಕ್ಕೆ ಕೊಟ್ಟ ಶರಣರ ನಾಡಿನಲ್ಲಿಯೇ ಹೀಗಾಯಿತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವನ್ನು ತೆರೆದು ನೋಡಿ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡುತ್ತದೆ. ಅದಕ್ಕೂ ಮುಂಚೆ, 15ನೆಯ ವಿಧಿಯಲ್ಲಿ, ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರ ಗೃಹಗಳನ್ನೂ ಹೋಟೆಲುಗಳನ್ನೂ ಹೆಸರೆತ್ತಿ ಹೇಳಿ, ಧರ್ಮ, ಜಾತಿ ಮೊದಲಾದ ಕಾರಣಗಳಿಂದ ಯಾರನ್ನೂ ಅಲ್ಲಿಂದ ಹೊರಗಿಡಕೂಡದೆಂದಿದೆ. ಒಂದು ಮಹಾರಾಷ್ಟ್ರದ ಮೂಲಭೂತ ಶಾಸನದಲ್ಲಿ ಹೋಟೆಲಿನ ಮಾತೇಕೆ ಎಂದು ವಿದ್ಯಾರ್ಥಿಯಾಗಿದ್ದಾಗ ನನಗೆ ಅನಿಸಿತ್ತು. ಒಂದು ಲೋಟ ಕಾಫಿಗಾಗಿ ಹೊರಗೆ ನಿಂತವನಿಗೆ ಆ ಮಾತಿನ ಬೆಲೆ ಗೊತ್ತು. 1955ರಲ್ಲಿ ಇಂಥ ಭೇದವನ್ನು ಅಪರಾಧವೆಂದು ಸಾರಿದ ಕಾಯಿದೆಯೂ ಬಂತು.

ಇದೇ ಕಾಲದಲ್ಲಿ ಇಂಡಿಯಾ ಕಾಫಿ ಹೌಸುಗಳ ಕಥೆಯೂ ನಡೆಯಿತು. ಭಾರತದ ಕಾಫಿಗೆ ದೇಶದೊಳಗೆ ಗಿರಾಕಿ ಹುಟ್ಟಿಸಲೆಂದು ಮೊದಲ ಕಾಫಿ ಹೌಸನ್ನು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ತೆರೆಯಲಾಯಿತು. ಮುಂದೆ ಕಾಫಿ ಮಂಡಳಿ ಅವುಗಳನ್ನು ನಡೆಸಿತು. 1950ರ ದಶಕದಲ್ಲಿ ಮಂಡಳಿ ಅವುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬಿದ್ದರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸುಗಳನ್ನು ಕೈಗೆತ್ತಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ತುರಾಯಿಯ ಪೇಟ ಧರಿಸಿ ತಟ್ಟೆ ತಂದಿಡುವವನೇ ಆ ಸಂಸ್ಥೆಯ ಒಡೆಯರಲ್ಲಿ ಒಬ್ಬ. ಶ್ರಮದ ಘನತೆಯನ್ನು ಕುರಿತು ನಾವು ಪೀಠದಿಂದ ಬೋಧಿಸುವುದನ್ನು ಅವರು ಮೇಜಿನ ಬಳಿ ಮಾಡಿ ತೋರಿಸಿದರು. ಆ ತರುವಾಯ, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ತೆರೆದ ಮೇಲೆ, ಕಾಫಿಗೆ ಹೊಸ ಬಗೆಯ ಮನೆಗಳು ಬಂದವು. ಅಲ್ಲಿ ಜಾತಿ ಕೇಳುವವರಿಲ್ಲ, ಬೆಲೆಪಟ್ಟಿಯೇ ಬಾಗಿಲು ಕಾಯುತ್ತದೆ.

ಜಗುಲಿಯ ಗೂಡಿನಲ್ಲಿದ್ದ ಲೋಟ

ಹೋಟೆಲುಗಳ ಪಾಪವನ್ನು ಎಣಿಸುವುದು ಸುಲಭ. ಈಗ ನನ್ನದನ್ನು ಹೇಳಬೇಕು.

ಗುರುದೀಕ್ಷೆ ಪಡೆದ ಎರಡನೆಯ ವರ್ಷ ನಾನು ಬೇರೊಂದು ಊರಿನಲ್ಲಿ ಸಹಾಯಕ ಗುರುವಾಗಿದ್ದೆ. ಪಾಸ್ಕ ಹಬ್ಬದ ತರುವಾಯ ಮನೆಗಳನ್ನು ಮಂತ್ರಿಸಲು ಹೊರಟಾಗ ವಯಸ್ಸಾದ ಉಪದೇಶಿಯೊಬ್ಬರು ತೀರ್ಥದ ಪಾತ್ರೆ ಹಿಡಿದು ನನ್ನ ಜೊತೆ ಬರುತ್ತಿದ್ದರು. ಆ ಊರಿನ ಮಕ್ಕಳಿಗೆಲ್ಲ ಜಪ ಕಲಿಸಿದವರು ಅವರು. ಒಂದು ಅನುಕೂಲಸ್ಥ ಕಥೋಲಿಕ ಮನೆಯಲ್ಲಿ ಪ್ರಾರ್ಥನೆ ಮುಗಿಯಿತು. ನನಗೆ ನಡುಮನೆಯಲ್ಲಿ ಕುರ್ಚಿ ಹಾಕಿ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಉಪದೇಶಿಯವರು ಜಗುಲಿಯಲ್ಲೇ ಕುಳಿತಿದ್ದರು. ಜಗುಲಿಯ ಗೋಡೆಯ ಗೂಡಿನಲ್ಲಿ ಒಂದು ಲೋಟವಿತ್ತು. ಅದಕ್ಕೆ ಅವರ ಕಾಫಿ ಹೊಯ್ದರು. ಕುಡಿದಾದ ಮೇಲೆ ಅವರೇ ಎದ್ದು, ಹೊರಗಿನ ತೊಟ್ಟಿಯ ನೀರಿನಲ್ಲಿ ಅದನ್ನು ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಿದರು. ಗೂಡಿನ ಕಡೆಗೆ ಅವರು ತಿರುಗಿಯೂ ನೋಡಲಿಲ್ಲ. ಕೈಗೆ ಆ ಜಾಗ ಅಷ್ಟು ಚೆನ್ನಾಗಿ ಗೊತ್ತಿತ್ತು.

ನಾನು ಎಲ್ಲವನ್ನೂ ಕಂಡೆ. ಕಂಡೂ ಕಾಫಿ ಕುಡಿದು ಮುಗಿಸಿದೆ. ದಾರಿಯಲ್ಲಿ ಏನು ಹೇಳಬೇಕೆಂದು ತೋಚದೆ ನಡೆಯುತ್ತಿದ್ದಾಗ ಅವರೇ ಮಾತು ತೆಗೆದರು: "ಕಾಫಿ ಚೆನ್ನಾಗಿತ್ತಲ್ವಾ ಸ್ವಾಮಿ." ನನ್ನ ಮುಜುಗರವನ್ನು ನೀಗಲು ಅವರು ಹಾಗೆ ಅಂದರು. ಬಸ್ ನಿಲ್ದಾಣದ ಬಳಿ ಬಂದಾಗ ಬಿಸಿಲು ಏರಿತ್ತು. ಹೋಟೆಲಿಗೆ ಹೋಗಿ ಬೈಟು ಹೇಳಿದೆ. ಹುಡುಗ ಒಂದೇ ಬಗೆಯ ಎರಡು ಲೋಟಗಳನ್ನು ತಂದು ಮೇಜಿನ ಮೇಲೆ ಕುಕ್ಕಿದ. ಯಾರಿಗೆ ಯಾವುದೆಂದು ಅವನು ಕೇಳಲಿಲ್ಲ. ಅಂದು ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದ್ದ ನಮ್ಮ ಮನೆಯೊಂದು ಆ ಉಪದೇಶಿಗೆ ಕೊಡಲಾರದೆ ಹೋದದ್ದನ್ನು, ನಮ್ಮ ಮತದವನಲ್ಲದ ಆ ಹೋಟೆಲಿನವನು ಕೆಲವು ರೂಪಾಯಿಗೆ ಕೊಟ್ಟಿದ್ದ.

ಆ ಮನೆಯವರಿಗೆ ನಾನು ಆಮೇಲೂ ಒಂದು ಮಾತು ಹೇಳಲಿಲ್ಲ. ಅವರು ದೇವಾಲಯಕ್ಕೆ ಉದಾರವಾಗಿ ಕೊಡುವವರು, ಅವರನ್ನು ನೋಯಿಸಬಾರದು, ಸಮಯ ನೋಡಿ ಹೇಳೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸಮಯ ಬರುವ ಮುಂಚೆ ನನಗೆ ವರ್ಗವಾಯಿತು. ಉಪದೇಶಿಯವರು ಕೆಲವು ವರ್ಷಗಳಲ್ಲಿ ತೀರಿಕೊಂಡರು.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಓದಿದಾಗಲೆಲ್ಲ ಆ ಜಗುಲಿ ನನ್ನ ಕಣ್ಣಮುಂದೆ ಬರುತ್ತದೆ. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಅನ್ಯಜನಾಂಗದ ವಿಶ್ವಾಸಿಗಳೊಡನೆ ಕುಳಿತು ಊಟ ಮಾಡುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದೊಡನೆ, ಅವರೇನೆಂದುಕೊಳ್ಳುವರೋ ಎಂದು ಅಂಜಿ, ಪಂಕ್ತಿಯಿಂದ ಹಿಂದೆ ಸರಿದರು. ಪೌಲರು ಎಲ್ಲರ ಎದುರಿಗೇ ಅವರನ್ನು ಆಕ್ಷೇಪಿಸಿದರು. ಧರ್ಮಸಭೆಯ ಅಡಿಗಲ್ಲಿನಂಥವರನ್ನು ಆಕ್ಷೇಪಿಸಬೇಕಾಗಿ ಬಂದ ಆ ಪ್ರಸಂಗ ಒಂದು ಊಟದ ಪಂಕ್ತಿಗೆ ಸಂಬಂಧಿಸಿದ್ದೆಂಬುದನ್ನು ಗಮನಿಸಬೇಕು. ಯಾರೊಡನೆ ಉಣ್ಣುತ್ತೇವೆ ಎಂಬುದು ಶುಭಸಂದೇಶದ ಸತ್ಯಕ್ಕೇ ಸೇರಿದ ವಿಷಯವೆಂದು ಪೌಲರು ಕಂಡರು. ನಾನು ಪೇತ್ರರ ಅಂಜಿಕೆಯನ್ನು ತೋರಿದೆ. ಪೌಲರ ಧೈರ್ಯ ನನಗೆ ಬರಲಿಲ್ಲ.

ಇದು ಒಬ್ಬನ ಅನುಭವವೆಂದು ತಳ್ಳಿಹಾಕುವಂತಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ನಮ್ಮ ಧರ್ಮಸಭೆಯೊಳಗೂ ಜಾತಿಭೇದ ಉಳಿದಿದೆಯೆಂದು ತಾನೇ ಒಪ್ಪಿಕೊಂಡಿತು. ಒಪ್ಪಿಕೊಳ್ಳುವುದು ಪಾಪನಿವೇದನೆಯ ಮೊದಲ ಹೆಜ್ಜೆ. ಪ್ರಾಯಶ್ಚಿತ್ತ ನಡೆಯಬೇಕಾದದ್ದು ಮನೆ ಮನೆಯಲ್ಲಿ.

ನಮಗಿಬ್ಬರಿಗೂ ಬೈಟು

ಒಟ್ಟಿಗೆ ಸಾಕಷ್ಟು ಉಪ್ಪು ತಿನ್ನದೆ ಇಬ್ಬರು ಪರಸ್ಪರ ಅರಿಯಲಾರರೆಂಬ ಗಾದೆಯನ್ನು ಅರಿಸ್ಟಾಟಲ್ ಸ್ನೇಹವನ್ನು ಕುರಿತು ಬರೆಯುವಾಗ ನೆನೆಯುತ್ತಾನೆ. ಉಪ್ಪಿನ ಋಣವೆನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ನೇಹಕ್ಕೆ ಕಾಲ ಬೇಕು, ಎದುರುಬದುರು ಕೂರುವ ಸ್ಥಳ ಬೇಕು, ಹಂಚಿಕೊಳ್ಳಲು ಏನಾದರೊಂದು ಬೇಕು. ಹಳೆಯ ಹೆದ್ದಾರಿಯ ಹೋಟೆಲು ಈ ಮೂರನ್ನೂ ಅಗ್ಗವಾಗಿ ಒದಗಿಸುತ್ತಿತ್ತು. ಜಕ್ಕಾಯನ ಮನೆಗೆ ಪ್ರಭುವು ತಾವಾಗಿಯೇ ಹೋಗಿ ಅತಿಥಿಯಾದರು. ಅಷ್ಟು ದೂರ ಹೋಗಲಾರದ ನಮ್ಮಂಥವರಿಗೆ ಹೋಟೆಲಿನ ಬೆಂಚು ಅರ್ಧ ದಾರಿಯಲ್ಲಿ ಸಿಗುವ ಸ್ಥಳ.

ಈಗ ಮನೆಗಳನ್ನು ಮಂತ್ರಿಸಲು ಹೋದಾಗ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕಾಫಿ ತರುತ್ತೇವೆಂದು ಮನೆಯವರು ಏಳುವಾಗ, ನನ್ನೊಡನೆ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಮ್ಮಾ, ನಮಗಿಬ್ಬರಿಗೂ ಬೈಟು ಕೊಡಿ" ಎನ್ನುತ್ತೇನೆ. ಹೆಚ್ಚಿನ ಮನೆಗಳಲ್ಲಿ ನಗುತ್ತಾರೆ, ಬೈಟು ಏಕೆ ಫಾದರ್ ಎಂದು ತುಂಬು ಲೋಟಗಳನ್ನೇ ತರುತ್ತಾರೆ. ಒಂದೆರಡು ಮನೆಗಳಲ್ಲಿ ಮಾತ್ರ ಒಂದು ಕ್ಷಣ ಮೌನ ಕವಿದದ್ದುಂಟು. ಒಂದು ಕಡೆ ಆ ಮೌನದ ಬಳಿಕ ಕಾಫಿ ಬಂತು. ಇನ್ನೊಂದು ಕಡೆ ಹಾಲು ಒಡೆದುಹೋಗಿದೆ ಎಂದರು. ಮೂವತ್ತು ವರ್ಷಗಳ ಹಿಂದೆ ಆಡಬೇಕಾಗಿದ್ದ ಮಾತನ್ನು ಆ ಹೊತ್ತು ಆ ಮನೆಯಲ್ಲಿ ಕುಳಿತು ಮೆಲ್ಲಗೆ ಆಡಿದೆ. ಅವರು ಮುನಿಸಿಕೊಂಡಿದ್ದಾರೆ. ನಾನು ಮತ್ತೆ ಹೋಗುವವನಿದ್ದೇನೆ.

ಪ್ರಿಯ ಬಾಂಧವರೇ, ಮುಂದಿನ ಭಾನುವಾರ ಪೂಜೆ ಮುಗಿದೊಡನೆ ಮನೆಗೆ ಓಡಬೇಡಿ. ನಿಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವರ, ನೀವಿನ್ನೂ ಹೆಸರು ಕೇಳದಿರುವವರ ಕೈ ಹಿಡಿದು ಹಳೆಯ ರಸ್ತೆಯ ಹೋಟೆಲಿಗೆ ಕರೆದುಕೊಂಡು ಹೋಗಿ. ಬೈಟು ಹೇಳಿ. ಆ ಹೋಟೆಲಿನವರ ಬಾಡಿಗೆಗೂ ಅಷ್ಟಿಷ್ಟು ಆದೀತು. ಮತ್ತು ಅಂದೇ ಮನೆಗೆ ಮರಳಿದ ಮೇಲೆ, ನಿಮ್ಮ ಅಡುಗೆಮನೆಯ ಹೊರಗೆ, ಜಗುಲಿಯಲ್ಲಿ, ಹಿತ್ತಲಿನ ಗೂಡಿನಲ್ಲಿ ಬೇರೆಯಾಗಿ ಇಟ್ಟ ಲೋಟವೊಂದು ಇದೆಯೇ ಎಂದು ಒಮ್ಮೆ ನೋಡಿ. ಇದ್ದರೆ ಅದನ್ನು ಒಳಗೆ ತಂದು ಉಳಿದ ಲೋಟಗಳ ಜೊತೆಗೆ ಇಡಿ.